ರಿಫರ್ಬಿಶ್ಡ್ ವ್ಯಾಕ್ಯೂಮ್ ಕ್ಲೀನರ್ ತಗೊಳ್ತೀರಾ? ದುಡ್ಡು ಕೊಡೋ ಮುಂಚೆ ಬಿಡಿಭಾಗ ಎಣಿಸಿ

ಯಾದಗಿರಿ: ಬೇಸಿಗೆಯಲ್ಲಿ ಎರೆಹೊಲದ ಧೂಳು, ಸುಗ್ಗಿಯಲ್ಲಿ ಹತ್ತಿಯ ಎಳೆ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಬೆಳಿಗ್ಗೆ ಕಸ ಹೊಡೆದ ಮನೆ ಸಂಜೆ ಹೊತ್ತಿಗೆ ಮತ್ತೆ ಹಾಗೇ. ಮನೆಯಲ್ಲಿ ದಮ್ಮು, ಧೂಳಿನ ಅಲರ್ಜಿ ಇದ್ದವರು ಇದ್ದರಂತೂ ಕಸಬರಿಗೆ ಹಿಡಿದರೆ ಸಾಕು, ಕೆಮ್ಮು ಶುರು. ಇಂಥವರು ವ್ಯಾಕ್ಯೂಮ್ ಕ್ಲೀನರ್ ತಗೋಬೇಕು ಅಂತಾರೆ. ಹೊಸದರ ರೇಟು ನೋಡಿ ಕಡಿಮೆಗೆ ಸಿಗುವ ರಿಫರ್ಬಿಶ್ಡ್ ಕಡೆ ಕಣ್ಣು ಹೋಗುತ್ತದೆ.

ಅದು ತಪ್ಪಲ್ಲ. ಆದರೆ ಮೋಟಾರ್ ತಿರುಗ್ತಾ ಇದೆ ಅಂತ ಅಷ್ಟಕ್ಕೇ ತಗೊಂಡು ಬಂದರೆ ಉಳಿಸಿದ ದುಡ್ಡು ಬಿಡಿಭಾಗಕ್ಕೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬೇರೆ, ರಿಫರ್ಬಿಶ್ಡ್ ಬೇರೆ

ಒಬ್ಬರು ಬಳಸಿದ್ದನ್ನು ಹಾಗೇ ಮಾರಿದರೆ ಅದು ಸೆಕೆಂಡ್ ಹ್ಯಾಂಡ್. ವಾಪಸ್ ಬಂದ ಅಥವಾ ಕೆಟ್ಟ ಯಂತ್ರವನ್ನು ರಿಪೇರಿ ಮಾಡಿ, ಪರೀಕ್ಷೆ ಮಾಡಿ ಮಾರಿದರೆ ರಿಫರ್ಬಿಶ್ಡ್. ಯಾರು ರಿಪೇರಿ ಮಾಡಿದ್ದು, ವಾರಂಟಿ ಕಂಪನಿಯದ್ದಾ ಅಂಗಡಿಯದ್ದಾ, ಎಷ್ಟು ತಿಂಗಳು? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಅದನ್ನು ಸೆಕೆಂಡ್ ಹ್ಯಾಂಡ್ ಅಂತಲೇ ತಿಳಿದು ರೇಟು ಮಾತಾಡಿ.

ಏನೇನು ಇರಬೇಕು?

ಮಾಡೆಲ್ ನಂಬರ್ ಹಾಕಿ ಕಂಪನಿಯ ಪಟ್ಟಿಯನ್ನು ಮೊಬೈಲ್‌ನಲ್ಲಿ ತೆಗೆದು, ಒಂದೊಂದೇ ಹೊಂದಿಸಿ ನೋಡಿ. ಸಾಮಾನ್ಯವಾಗಿ ಇವು ಇರ್ತಾವೆ:

* ಹೋಸ್ ಪೈಪ್: ಎಳೆದು, ಬಗ್ಗಿಸಿ ನೋಡಿ. ಸಣ್ಣ ಸೀಳು ಇದ್ದರೂ ಗಾಳಿ ಅಲ್ಲೇ ಸೋರಿ ಎಳೆತ ಕಡಿಮೆಯಾಗುತ್ತದೆ.
* ಉದ್ದನೆ ಪೈಪು, ಹೆಚ್ಚಾಗಿ ಎರಡು: ಒಂದೇ ಇದ್ದರೆ ನೆಲ ಗುಡಿಸಲು ಬಗ್ಗಿಯೇ ನಿಲ್ಲಬೇಕು.
* ನೆಲದ ಬ್ರಷ್: ನಮ್ಮ ಕಡೆ ಮನೆಗಳಲ್ಲಿ ಫರಸಿ, ಟೈಲ್ಸ್ ಜಾಸ್ತಿ. ಕಾರ್ಪೆಟ್ ಬ್ರಷ್ ಒಂದೇ ಕೊಟ್ಟರೆ ಉಪಯೋಗ ಕಡಿಮೆ.
* ಚಪ್ಪಟೆ ಮೂತಿಯ ನಳಿಕೆ: ಫರಸಿ ಸಂದು, ಕಿಟಕಿ ಹಳಿ, ಮಂಚದ ಮೂಲೆಗೆ ಇದೇ ಬೇಕು. ಕಳೆದುಹೋಗೋದೂ ಇದೇ.
* ಗುಂಡು ಬ್ರಷ್, ಸೋಫಾ ನಳಿಕೆ: ಫ್ಯಾನ್, ಕಪಾಟು, ಗಾದಿ, ದಿಂಬಿಗೆ.
* ಧೂಳಿನ ಚೀಲ ಅಥವಾ ಡಬ್ಬಿ, ಮತ್ತು ಫಿಲ್ಟರ್.

ಕೊನೆಯದ್ದೇ ಮುಖ್ಯ. ಯಂತ್ರ ಒಂದು ಕಡೆ ಗಾಳಿ ಎಳೆದು ಇನ್ನೊಂದು ಕಡೆ ಬಿಡುತ್ತದೆ. ನಡುವೆ ಫಿಲ್ಟರ್ ಇಲ್ಲದಿದ್ದರೆ, ಹರಿದಿದ್ದರೆ, ದಪ್ಪ ಕಸ ಒಳಗೆ ಉಳಿದು ಕಣ್ಣಿಗೆ ಕಾಣದ ಸಣ್ಣ ಧೂಳು ಮತ್ತೆ ಮನೆಗೇ ಬರುತ್ತದೆ. ದಮ್ಮಿಗೆ ತೊಂದರೆ ಮಾಡೋದು ಆ ಸಣ್ಣ ಧೂಳೇ. ಹಳೇ ಫಿಲ್ಟರ್‌ನಲ್ಲಿ ಬೇರೆಯವರ ಮನೆ ಧೂಳು ಕೂತಿರುತ್ತದೆ. ಅದಕ್ಕೇ ಚೀಲ, ಫಿಲ್ಟರ್ ಹೊಸದೇ ಕೇಳಿ. ಆ ಮಾಡೆಲ್‌ಗೆ ಈಗಲೂ ಫಿಲ್ಟರ್ ಸಿಗುತ್ತಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಲೆಕ್ಕ ಹಾಕಿ ನೋಡಿ

ಉದಾಹರಣೆಗೆ, ಹೊಸದಕ್ಕೆ 6,000 ರೂ., ರಿಫರ್ಬಿಶ್ಡ್‌ಗೆ 3,500 ರೂ. ಅಂತಿಟ್ಟುಕೊಳ್ಳಿ. ಹೋಸ್‌ಗೆ 900, ಬ್ರಷ್‌ಗೆ 500, ಫಿಲ್ಟರ್‌ಗೆ 600 ಬೇರೆ ಕೊಟ್ಟರೆ ಒಟ್ಟು 5,500 ಆಯ್ತು. ಉಳಿದದ್ದು 500. ಪೂರ್ತಿ ವಾರಂಟಿ ಇರೋ ಹೊಸದೇ ಮೇಲು ಅನ್ನಿಸುತ್ತದೆ.

ಬಿಡಿಭಾಗ ಬೇರೆ ತರೋದಾದರೆ ಪೈಪಿನ ಬಾಯಿಯ ಅಳತೆ ಬರೆದುಕೊಂಡು ಹೋಗಿ. 32 ಮಿ.ಮೀ., 35 ಮಿ.ಮೀ. ಎರಡೂ ಬಳಕೆಯಲ್ಲಿವೆ. 3 ಮಿ.ಮೀ. ವ್ಯತ್ಯಾಸ ಆದರೂ ಕೂಡೋದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ

ವೈರು ಪೂರ್ತಿ ಎಳೆದು ಎಲ್ಲಾದರೂ ಸುಲಿದಿದೆಯಾ ನೋಡಿ. ಹತ್ತು ನಿಮಿಷ ಚಾಲೂ ಇಡಿಸಿ. ಸುಟ್ಟ ವಾಸನೆ ಬಂದರೆ, ಗರಗರ ಸದ್ದಾದರೆ, ಕಿಡಿ ಕಂಡರೆ ಬೇಡ. ಪೈಪಿನ ಬಾಯಿಗೆ ಅಂಗೈ ಹಿಡಿದರೆ ಗಟ್ಟಿಯಾಗಿ ಎಳೆಯಬೇಕು.

1,400 ವ್ಯಾಟ್ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6 ಆಂಪಿಯರ್ ಕರೆಂಟ್ ಎಳೆಯುತ್ತದೆ. ಸಣ್ಣ ಸಾಕೆಟ್‌ನ ತಾಕತ್ತು ಅಷ್ಟೇ. 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೆ ಹಾಕುವುದು ಒಳ್ಳೆಯದು. ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ.

'ವೆಟ್ ಆಂಡ್ ಡ್ರೈ' ಅಂತ ಬರೆದಿಲ್ಲದ ಯಂತ್ರದಿಂದ ನೀರು ಎಳೆಯಬೇಡಿ, ಶಾಕ್ ಹೊಡೆಯುವ ಅಪಾಯ ಇದೆ. ಬಿಸಿ ಬೂದಿಯಂತೂ ಬೇಡವೇ ಬೇಡ. ಸಿಮೆಂಟ್ ಪುಡಿ, ಖಾರದ ಪುಡಿ ಎಳೆದರೆ ಫಿಲ್ಟರ್ ಬೇಗ ಕಟ್ಟುತ್ತದೆ. ತೊಳೆಯುವ ಫಿಲ್ಟರ್ ಆದರೆ ಪೂರ್ತಿ ಒಣಗಿದ ಮೇಲೇ ಹಾಕಿ.

ಬಿಲ್ ಬಿಡಬೇಡಿ

ಬಿಲ್‌ನಲ್ಲಿ 'ರಿಫರ್ಬಿಶ್ಡ್' ಅನ್ನೋ ಪದ, ಮಾಡೆಲ್ ಮತ್ತು ಸೀರಿಯಲ್ ನಂಬರ್, ವಾರಂಟಿ ತಿಂಗಳು, ಕೊಟ್ಟ ಬಿಡಿಭಾಗಗಳ ಪಟ್ಟಿ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿ. ಕೆಟ್ಟರೆ ರಿಪೇರಿ ಊರಲ್ಲೇ ಆಗುತ್ತಾ, ಕಲಬುರಗಿಗೆ ಒಯ್ಯಬೇಕಾ ಅಂತಲೂ ಕೇಳಿ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಖರ್ಚೇ.

ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂ. ವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಆದರೆ ಇದು ವ್ಯಾಪಾರ ಮಾಡುವವರಿಂದ ತಗೊಂಡರೆ ಮಾತ್ರ. ಪರಿಚಯದವರ ಮನೆಯಿಂದ ಹಳೇದು ತಂದರೆ ಈ ಕಾಯ್ದೆ ನೆರವಿಗೆ ಬರೋದಿಲ್ಲ. ಅಲ್ಲಿ ನೋಡಿ, ಎಣಿಸಿ ತಗೊಂಡಿದ್ದೇ ಗ್ಯಾರಂಟಿ.