ದಿನಕ್ಕೊಬ್ಬಳು ಅಮ್ಮ

ಉಗಾಂಡದ ರಾಜಧಾನಿ ಕಂಪಾಲದಲ್ಲಿ ನಮಿರೆಂಬೆ ಎಂಬ ಬೆಟ್ಟವಿದೆ. ನೆತ್ತಿಯ ಮೇಲೆ ಆಂಗ್ಲಿಕನ್ ಕೆಥೆಡ್ರಲ್, ಇಳಿಜಾರಿನಲ್ಲಿ ಮಿಷನರಿ ವೈದ್ಯ ಆಲ್ಬರ್ಟ್ ಕುಕ್ 1897ರಲ್ಲಿ ಆರಂಭಿಸಿದ ಮೆಂಗೋ ಆಸ್ಪತ್ರೆ. ಅದರ ಆಸುಪಾಸಿನಲ್ಲೇ ಸಾನ್ಯು ಬೇಬೀಸ್ ಹೋಮ್. ಹೆರಿಗೆಯಲ್ಲಿ ತಾಯಿ ತೀರಿಕೊಂಡ, ಇಲ್ಲವೇ ಹೆತ್ತವರು ಬಿಟ್ಟುಹೋದ ಕೂಸುಗಳಿಗಾಗಿ ಮಿಷನರಿ ಸೂಲಗಿತ್ತಿಯೊಬ್ಬರು 1929ರಲ್ಲಿ ಶುರುಮಾಡಿದ ಮನೆ ಅದು.

ಇಂಥ ಮನೆಗಳು ಕೆನ್ಯಾದಲ್ಲಿವೆ, ಮಲಾವಿಯಲ್ಲಿವೆ, ಜಾಂಬಿಯಾದಲ್ಲಿವೆ. ಯುರೋಪ್, ಅಮೆರಿಕಗಳಿಂದ ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ದಂಪತಿಗಳು, ಚರ್ಚಿನ ಗುಂಪುಗಳು ಬಂದು ಕೆಲವು ವಾರ ಕೂಸುಗಳನ್ನು ನೋಡಿಕೊಂಡು ಮರಳುತ್ತಾರೆ. ನಮಗೂ ಇದು ತೀರಾ ಹೊರಗಿನ ಕಥೆಯಲ್ಲ. ಮದರ್ ತೆರೇಸಾ ಅವರ ಸಿಸ್ಟರ್‌ಗಳು 1968ರಲ್ಲೇ ಕೋಲ್ಕತ್ತದಿಂದ ತಾಂಜಾನಿಯಾದ ತಬೋರಾಕ್ಕೆ ಹೋಗಿ ನೆಲೆಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಅದಕ್ಕೂ ಆರು ವರ್ಷ ಮೊದಲೇ ಇಂದಿನ ಘಾನಾದ ಕರಾವಳಿಗೆ ಕಾಲಿಟ್ಟಿತ್ತು.

ಕೂಸುಗಳ ಮನೆಯಲ್ಲಿ ಬೆಳಗಾಯಿತೆಂದರೆ ಒದ್ದೆ ಬಟ್ಟೆಗಳ ಗುಡ್ಡೆ ಕಾದಿರುತ್ತದೆ. ಬಾಟಲಿ ಕುದಿಸಬೇಕು, ಹಾಲಿನ ಪುಡಿಯನ್ನು ಅಳತೆ ತಪ್ಪದಂತೆ ಕಲಸಬೇಕು, ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸಬೇಕು. ಒಂದು ಮಲಗಿತು ಅನ್ನುವಷ್ಟರಲ್ಲಿ ಇನ್ನೊಂದು ರಚ್ಚೆ ಹಿಡಿದಿರುತ್ತದೆ. ನಡೆಯಲು ಕಲಿತವಂತೂ ಬಾಗಿಲಲ್ಲಿ ಹೊಸ ಮುಖ ಕಂಡದ್ದೇ ತಡ, ಎರಡೂ ಕೈ ಎತ್ತಿ ಓಡಿಬರುತ್ತವೆ. ಎತ್ತಿಕೊಂಡವರಿಗೆ ಕಣ್ಣು ತುಂಬಿ ಬರುತ್ತದೆ.

ಮಕ್ಕಳ ಮನಸ್ಸನ್ನು ಬಲ್ಲವರಿಗೆ ದಿಗಿಲಾಗುವುದು ಹಾಗೆ ಓಡಿಬರುವುದನ್ನು ಕಂಡೇ. ಮನೆಯಲ್ಲಿ ಬೆಳೆದ ಒಂದೂವರೆ ವರ್ಷದ ಮಗು ಅಪರಿಚಿತರು ಬಂದರೆ ಅಮ್ಮನ ಕಾಲಿಗೆ ಅಂಟಿಕೊಳ್ಳುತ್ತದೆ. ಯಾರು ಕೈಚಾಚಿದರೂ ಹೋಗಿಬಿಡುವ ಮಗುವಿಗೆ ತನ್ನವರು ಅಂತ ಒಬ್ಬರು ಸಿಕ್ಕಿಲ್ಲ. ಮೂರು ವಾರ ಎತ್ತಿ ಆಡಿಸಿದವಳು ಒಂದು ದಿನ ಕಾಣೆಯಾಗುತ್ತಾಳೆ, ಆ ಜಾಗಕ್ಕೆ ಮತ್ತೊಬ್ಬಳು ಬರುತ್ತಾಳೆ, ಅವಳೂ ಹೋಗುತ್ತಾಳೆ. ಹೋದವಳಿಗೆ ಅದು ಸವಿನೆನಪು. ಮಗುವಿನ ಪಾಲಿಗೆ ಮಾತ್ರ ಪ್ರತಿಸಲವೂ ಅಗಲಿಕೆ.

ಕೂಸಿಗೆ ತನ್ನವರು ಬೇಕೆಂಬುದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿದ್ದು ರುಮೇನಿಯಾದಲ್ಲಿ. ಸಂಶೋಧಕ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು 2000ದಿಂದಾಚೆಗೆ ಬುಖಾರೆಸ್ಟ್‌ನ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಾಕುಕುಟುಂಬಗಳನ್ನು ಹುಡುಕಿ ಕೊಟ್ಟರು, ಇನ್ನೊಂದು ಗುಂಪಿನ ಆರೈಕೆ ಎಂದಿನಂತೆ ನಡೆಯಿತು. ಮನೆ ಸೇರಿದ ಮಕ್ಕಳ ಬುದ್ಧಿಮಟ್ಟ ಏರಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಸಾಕಿದವರೊಂದಿಗಿನ ನಂಟು ಎಲ್ಲರಿಗಿಂತ ಚೆನ್ನಾಗಿ ಬೆಸೆದುಕೊಂಡಿತು.

ಹಾಗಾದರೆ ಮನೆಯೇ ಇಲ್ಲದ ಕೂಸುಗಳ ಗತಿ? ಈ ಪ್ರಶ್ನೆಯಲ್ಲೇ ಒಂದು ತಪ್ಪು ಎಣಿಕೆ ಅಡಗಿದೆ. ಯುನಿಸೆಫ್ ಲೆಕ್ಕದಲ್ಲಿ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಅಂದಾಜಿಸಿದಂತೆ, ಜಗತ್ತಿನ ಅನಾಥಾಲಯಗಳಲ್ಲಿರುವ ಐದು ಮಕ್ಕಳಲ್ಲಿ ಕಡೇಪಕ್ಷ ನಾಲ್ವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಆಫ್ರಿಕಾದ ಹಳ್ಳಿಗಳಲ್ಲಿ ಬಾಣಂತಿ ಸತ್ತರೆ ಕೂಸನ್ನು ಸಾಕಲು ಅಜ್ಜಿ, ಚಿಕ್ಕಮ್ಮ, ಸೋದರತ್ತೆ ಸಾಮಾನ್ಯವಾಗಿ ಇರುತ್ತಾರೆ. ಅವರಿಗೆ ಇಲ್ಲದಿರುವುದು ಹಾಲು. ಡಬ್ಬಿಯ ಹಾಲಿನ ಪುಡಿ ಕೂಲಿಯವರ ಕೈಗೆಟುಕುವುದಿಲ್ಲ. ಎಟುಕಿದರೂ ಶುದ್ಧ ನೀರಿಲ್ಲದೆಡೆ ಅದೇ ಭೇದಿಗೆ ದಾರಿ. ಮಲಾವಿಯ ಬ್ಲಾಂಟೈರ್‌ನಲ್ಲಿರುವ ಓಪನ್ ಆರ್ಮ್ಸ್ ಎಂಬ ಕೂಸುಗಳ ಮನೆ ಇದನ್ನು ಅರಿತೇ ನಡೆಯುತ್ತದೆ. ಹಾಲು ಬೇಕಾದ ಎಳೆತನ ಕಳೆಯುವವರೆಗೆ ಕೂಸುಗಳನ್ನು ಸಾಕಿ ಬಂಧುಗಳ ಮಡಿಲಿಗೆ ಮರಳಿಸುವುದು ಅದರ ಗುರಿ.

ಸದುದ್ದೇಶ ಕೆಟ್ಟದಾಗಿ ತಿರುಗಿದ್ದೂ ಉಂಟು. ಉಗಾಂಡದ ಜಿಂಜಾದಲ್ಲಿ ಅಮೆರಿಕದ ಯುವತಿಯೊಬ್ಬರು ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ಮಿಷನರಿ ಕೇಂದ್ರ ತೆರೆದರು. ಅವರು ವೈದ್ಯರೂ ಅಲ್ಲ, ನರ್ಸೂ ಅಲ್ಲ. 2010ರಿಂದ 2015ರ ನಡುವೆ ಅಲ್ಲಿಗೆ ಬಂದ ಮಕ್ಕಳಲ್ಲಿ 105 ಮಂದಿ ಸತ್ತರು. ಆ ಯುವತಿಯೇ ಚಿಕಿತ್ಸೆ ಕೊಡುತ್ತಿದ್ದರೆಂದು ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು 2019ರಲ್ಲಿ ಕೋರ್ಟಿಗೆ ಹೋದರು. ಆ ಯುವತಿ ಆರೋಪವನ್ನು ನಿರಾಕರಿಸಿದರು. ಮರುವರ್ಷ ತಪ್ಪೊಪ್ಪಿಗೆಯಿಲ್ಲದೆಯೇ ರಾಜಿಯಾಯಿತು. ತಮ್ಮ ದೇಶದಲ್ಲಿ ಒಂದು ಇಂಜೆಕ್ಷನ್ ಕೊಡಲೂ ಅನುಮತಿಯಿಲ್ಲದವರಿಗೆ ಬಡದೇಶದ ಕೂಸು ಸುಲಭವಾಗಿ ಸಿಕ್ಕಿಬಿಡುತ್ತದೆ ಎಂಬ ಸಿಟ್ಟು ಉಗಾಂಡದ ಜನರಲ್ಲಿ ಇನ್ನೂ ಆರಿಲ್ಲ. ಆರಬೇಕೂ ಇಲ್ಲ.

ದಾರಿ ಬದಲಿಸಿ ತೋರಿಸಿದ್ದು ರುವಾಂಡ. 1994ರ ನರಮೇಧದ ನಂತರ ಅಲ್ಲಿನ ಅನಾಥಾಲಯಗಳು ತುಂಬಿ ತುಳುಕಿದ್ದವು. 2012ರ ಸಮೀಕ್ಷೆಯ ಹೊತ್ತಿಗೂ 33 ಅನಾಥಾಲಯಗಳಲ್ಲಿ 3,323 ಮಕ್ಕಳಿದ್ದರು. ಸರ್ಕಾರ ಅವರನ್ನು ಕುಟುಂಬಗಳಿಗೆ ಸೇರಿಸಲು ನಿರ್ಧರಿಸಿತು. ಬಂಧುಗಳಿದ್ದವರನ್ನು ಬಂಧುಗಳ ಬಳಿಗೆ ಕಳಿಸಲಾಯಿತು. ಇಲ್ಲದವರಿಗೆ ‘ಮಲೈಕಾ ಮುರಿಂಜಿ’ ಎಂದು ಗೌರವದಿಂದ ಕರೆಯಲಾಗುವ ಸಾಕುತಾಯಂದಿರು ಸಿಕ್ಕರು. ಕೆನ್ಯಾ ಕೂಡ 2017ರಲ್ಲಿ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತು. ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದಾಗುವ ಹಾನಿಯ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯೇ 2019ರಲ್ಲಿ ಎಚ್ಚರಿಸಿತು.

ಹೊರಗಿನವರು ಮಾಡಬಹುದಾದ ಕೆಲಸ ಹಾಗೆಂದು ಮುಗಿದಿಲ್ಲ. ತಿಂಗಳು ತುಂಬುವ ಮುನ್ನವೇ ಹುಟ್ಟಿದ ಕೂಸನ್ನು ಎದೆಗವಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಅಲ್ಲಿನ ದಾದಿಯರಿಗೆ ಕಲಿಸಬಲ್ಲ ನರ್ಸ್ ಬೇಕು. ಲೆಕ್ಕಪತ್ರ ಬಲ್ಲವರು ಬೇಕು. ಬಟ್ಟೆ ಒಗೆದು, ಬಾಟಲಿ ತೊಳೆದು, ಆಯಾಗಳಿಗೆ ಕೂಸಿನ ಜೊತೆ ಕೂರಲು ಬಿಡುವು ಮಾಡಿಕೊಡುವವರೂ ಬೇಕು. ಹಾಗೆ ಮಾಡಿದರೆ ಹಾಲು ಕುಡಿಸುವ ಕೈ ದಿನವೂ ಅದೇ ಆಯಾಳದ್ದಾಗಿರುತ್ತದೆ. ಹೊರಡುವ ಮನಸ್ಸುಳ್ಳವರು ಮೊದಲು ಕೇಳಬೇಕಾದ್ದು ಎರಡು: ನನ್ನ ಪೊಲೀಸ್ ದಾಖಲೆ ನೋಡದೆ ಒಳಗೆ ಬಿಡುತ್ತೀರಾ? ಕಳೆದ ವರ್ಷ ಎಷ್ಟು ಕೂಸುಗಳು ತಮ್ಮವರ ಮನೆಗೆ ಮರಳಿದವು? ಉತ್ತರ ಸರಿ ಕಾಣದಿದ್ದರೆ, ವಿಮಾನದ ಟಿಕೆಟ್ಟಿನ ಹಣವನ್ನು ಅಜ್ಜಿಯರಿಗೆ ಹಾಲಿನ ಪುಡಿ ತಲುಪಿಸುವ ಸ್ಥಳೀಯ ಸಂಸ್ಥೆಗೆ ಕೊಡಬಹುದು.