ದುಡಿದ ಗುರುತಿನ ಪುಟ್ಟ ವ್ಯಾಗನ್

ಮಾದರಿ ರೈಲಿನ ಹವ್ಯಾಸ ಎಂದೊಡನೆ ಕಣ್ಣಿಗೆ ಬರುವುದು ಎಂಜಿನ್. ಹೊಗೆ ಉಗುಳುವ ಹಳೆಯ ಕಾಲದ್ದೋ, ಬಣ್ಣ ಮಾಸದ ಹೊಸ ಕಾಲದ್ದೋ ಒಂದು ಎಂಜಿನ್, ಅದರ ಬೆನ್ನಿಗೆ ನಾಲ್ಕಾರು ಪ್ರಯಾಣಿಕರ ಡಬ್ಬಿ. ಗೂಡ್ಸ್ ವ್ಯಾಗನ್‌ಗೆ ಸಿಗುವುದೇನಿದ್ದರೂ ಮಿಕ್ಕ ದುಡ್ಡು, ಮಿಕ್ಕ ಜಾಗ. ಈ ಸರದಿ ಬೇರೆ ಊರುಗಳಿಗೆ ಸರಿಯಿರಬಹುದು, ಮಂಗಳೂರು ಬಳಿಯ ಕಾಟಿಪಳ್ಳದ ಸುತ್ತಮುತ್ತಲಿಗೆ ಹೊಂದುವುದಿಲ್ಲ. ಪಣಂಬೂರಿನ ಹೊಸ ಬಂದರಿಗಾಗಿ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳಿಗೆ ನಿವೇಶನ ಕೊಟ್ಟು ಬೆಳೆಸಿದ ಊರು ಇದು. ಇಲ್ಲಿನವರು ವಿಳಾಸ ಹೇಳುವಾಗ ಇಂದಿಗೂ ಬ್ಲಾಕ್ ನಂಬರ್ ಹೇಳುತ್ತಾರೆ. 1975ರ ಜನವರಿ 11ರಂದು ಬಂದರು ಉದ್ಘಾಟನೆಯಾಯಿತು. ಗೊಬ್ಬರದ ಕಾರ್ಖಾನೆ, ಕುದುರೆಮುಖದ ಉಂಡೆ ಅದಿರಿನ ಸ್ಥಾವರ, ಎಂಆರ್‌ಪಿಎಲ್‌ನ ತೈಲ ಶುದ್ಧೀಕರಣಾಗಾರ ಒಂದೊಂದಾಗಿ ಬಂದವು. ಪಣಂಬೂರಿಗೆ ಹಳಿ ಹಾಕಿದ್ದು ಸರಕಿಗಾಗಿ, ಜನರಿಗಾಗಿ ಅಲ್ಲ. ಸುರತ್ಕಲ್‌ನಲ್ಲಿ ಜನ ರೈಲು ಹತ್ತುವಂತಾದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆ ತೋಕೂರಿನವರೆಗೆ ಬಂದ ಮೇಲೆ. ಹೀಗಾಗಿ ಈ ನೆಲದ ರೈಲನ್ನು ಮೇಜಿನ ಮೇಲೆ ಕಟ್ಟಲು ಹೊರಟವರು ಗೂಡ್ಸ್ ವ್ಯಾಗನ್‌ನಿಂದಲೇ ಶುರು ಮಾಡಬೇಕು. ಆ ವ್ಯಾಗನ್ನನ್ನು ಅಂಗಡಿಯಿಂದ ಸಿದ್ಧವಾಗಿ ತರುವುದಕ್ಕಿಂತ ಕಿಟ್‌ನಿಂದ ಜೋಡಿಸುವುದೇ ಲೇಸು ಎಂಬುದು ಈ ಬರಹದ ವಾದ.

ಕಿಟ್ ಹೊಸತೇನಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದ ಕಲ್ಲಿದ್ದಲಿನ ವ್ಯಾಗನ್, ಸಿಮೆಂಟ್ ವ್ಯಾಗನ್, ಗಾರ್ಡ್ ಡಬ್ಬಿಗಳನ್ನು ಹುಡುಗರ ಕೈಗೆಟಕುವ ಬೆಲೆಗೆ ಮಾರುತ್ತಿತ್ತು. ಆ ಅಚ್ಚುಗಳಲ್ಲಿ ಹಲವು ಮುಂದೆ ಡಾಪೋಲ್ ಕಂಪನಿಯ ಪಾಲಾದವು. ಅಮೆರಿಕದಲ್ಲಿ ಅಥರ್ನ್ ಕಂಪನಿಯ ನೀಲಿ ಡಬ್ಬದ ಕಿಟ್‌ಗಳು ಎಷ್ಟು ಸರಳವಾಗಿದ್ದವೆಂದರೆ, ಡಬ್ಬ ಅಲುಗಾಡಿಸಿದರೆ ಸಾಕು, ವ್ಯಾಗನ್ ತಾನೇ ಜೋಡಣೆಯಾಗುತ್ತದೆ ಎಂಬ ತಮಾಷೆ ಚಾಲ್ತಿಯಲ್ಲಿತ್ತು. ಡಬ್ಬದೊಳಗೆ ಇರುವುದಿಷ್ಟು: ಎರಡು ಬದಿ, ಎರಡು ತುದಿ, ತಳ, ಚಕ್ರ, ನಾಲ್ಕು ಚಕ್ರದ ಬೋಗಿ ಚೌಕಟ್ಟುಗಳು, ಬ್ರೇಕಿನ ಚೂರುಪಾರು, ಒಂದು ಹಾಳೆ ಸೂಚನೆ. ಅಚ್ಚಿನ ಕಡ್ಡಿಯಿಂದ ಭಾಗಗಳನ್ನು ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಬೆಸೆಯುವ ದ್ರಾವಕದಿಂದ ಅಂಟಿಸಬೇಕು. ಗಾಜಿನ ಹಲಗೆಯ ಮೇಲಿಟ್ಟು ನಾಲ್ಕು ಮೂಲೆ ನೋಡದೆ ಅಂಟಿಸಿದರೆ ತಳ ತಿರುಚಿ, ತಿರುವಿನಲ್ಲಿ ವ್ಯಾಗನ್ ಹಳಿ ತಪ್ಪುತ್ತದೆ. ಒಂದು ಬೋಗಿಯ ಸ್ಕ್ರೂ ಬಿಗಿ, ಇನ್ನೊಂದರದು ತುಸು ಸಡಿಲ ಎಂಬುದು ಹಳೆಯ ಉಪಾಯ. ಬಿಗಿಯಾದದ್ದು ಒಡಲನ್ನು ನೆಟ್ಟಗೆ ಹಿಡಿಯುತ್ತದೆ, ಸಡಿಲವಾದದ್ದು ಹಳಿಯ ಏರಿಳಿತಕ್ಕೆ ಬಾಗಿಕೊಡುತ್ತದೆ. ತೂಕಕ್ಕೂ ಲೆಕ್ಕವಿದೆ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲ್ವೆ ಸಂಘದ ಶಿಫಾರಸಿನಂತೆ, ನಿಜದ 87ರಲ್ಲಿ ಒಂದು ಪಾಲಿನ ಎಚ್‌ಒ ಅಳತೆಯ ವ್ಯಾಗನ್‌ಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಇಂಚಿಗೆ ಅರ್ಧ ಔನ್ಸ್. ಖಾಲಿ ಪ್ಲಾಸ್ಟಿಕ್ ಒಡಲು ಈ ಲೆಕ್ಕವನ್ನು ತಾನಾಗಿ ಮುಟ್ಟುವುದಿಲ್ಲ, ಸೀಸವನ್ನೋ ಕಬ್ಬಿಣದ ನಟ್ಟನ್ನೋ ಒಳಗೆ ಅಡಗಿಸಬೇಕು.

ಇಷ್ಟರವರೆಗೆ ಇದು ಕೈಚಳಕದ ಮಾತು. ಆಯ್ಕೆ ಎದುರಾಗುವುದು ಇದರ ನಂತರ. ಕಿಟ್ ತಯಾರಿಸಿದವನು ಏನನ್ನೋ ಬಿಟ್ಟಿರುತ್ತಾನೆ, ಏನನ್ನೋ ದಪ್ಪ ಮಾಡಿರುತ್ತಾನೆ. ಅದರಲ್ಲಿ ಯಾವುದನ್ನು ತುಂಬಬೇಕು, ಯಾವುದನ್ನು ಹಾಗೇ ಬಿಡಬೇಕು? ಎಲ್ಲವನ್ನೂ ತುಂಬಹೊರಟವರು ಒಂದು ವ್ಯಾಗನ್‌ನಲ್ಲೇ ವರ್ಷ ಕಳೆಯುತ್ತಾರೆ. ಸರಕು ಹೊರುವ ಕೆಲಸ ಯಾವ ಭಾಗವನ್ನು ಕೇಳುತ್ತದೋ, ಯಾವ ಭಾಗದ ಮೇಲೆ ಗುರುತು ಬಿಟ್ಟಿದೆಯೋ ಆ ವಿವರ ಬೇಕು, ಉಳಿದದ್ದಕ್ಕೆ ಅವಸರವಿಲ್ಲ ಎಂದಿಟ್ಟುಕೊಂಡರೆ ದಾರಿ ಸುಗಮ. ಜೋಕಟ್ಟೆ, ತೋಕೂರು ಕಡೆ ಹಾದುಹೋಗುವ ಬಾಕ್ಸ್-ಎನ್ ವ್ಯಾಗನ್ನನ್ನೇ ನೋಡಿ, ಅದೇ, ಕಲ್ಲಿದ್ದಲು, ಅದಿರು ಹೊರುವ ಮೇಲ್ಛಾವಣಿಯಿಲ್ಲದ ಕಂದು ಪೆಟ್ಟಿಗೆ. ಅದರ ಮೊದಲಿನ ಬಾಕ್ಸ್ ವ್ಯಾಗನ್ 13.7 ಮೀಟರ್ ಉದ್ದವಿತ್ತು. ಬಾಕ್ಸ್-ಎನ್ ಕೊಂಡಿಯಿಂದ ಕೊಂಡಿಗೆ 10.7 ಮೀಟರ್ ಮಾತ್ರ. ನಿಲ್ದಾಣದ ಲೂಪ್ ಹಳಿಯ ಉದ್ದ ಹೆಚ್ಚಿಸಲಾಗದು, ಅದೇ ಉದ್ದದಲ್ಲಿ ಹೆಚ್ಚು ಸರಕು ನಿಲ್ಲಬೇಕು, ಹಾಗಾಗಿ ವ್ಯಾಗನ್ ಗಿಡ್ಡವಾಯಿತು, ಎತ್ತರವಾಯಿತು. ತುಂಬಿದಾಗ 81.28 ಟನ್, ಅಂದರೆ ಹಳಿಯ ಪ್ರತಿ ಮೀಟರಿನ ಮೇಲೆ ಸುಮಾರು 7.6 ಟನ್. ಆ ಗಿಡ್ಡ, ಎತ್ತರದ ಮೈಕಟ್ಟು ಮಾದರಿಯಲ್ಲಿ ತಪ್ಪಿದರೆ ಮಿಕ್ಕ ಯಾವ ಕುಸುರಿಯೂ ಅದನ್ನು ಬಾಕ್ಸ್-ಎನ್ ಆಗಿಸಲಾರದು.

ನಮ್ಮ ವ್ಯಾಗನ್‌ಗಳ ಕಿಟ್ ಬ್ರಿಟನ್, ಅಮೆರಿಕದ ಕಿಟ್‌ಗಳಷ್ಟು ಸುಲಭವಾಗಿ ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಲ್ಲಿ ಅದೃಷ್ಟವೂ ಒಂದಿಷ್ಟು ಕೈಹಿಡಿದಿದೆ. ಬ್ರಿಟಿಷರು ಹಾಕಿದ ರೈಲ್ವೆಯಾದರೂ ಇಂದಿನ ನಮ್ಮ ಗೂಡ್ಸ್ ವ್ಯಾಗನ್ ರಕ್ತಸಂಬಂಧದಲ್ಲಿ ಅಮೆರಿಕಕ್ಕೆ ಹತ್ತಿರ. ಎರಡು ಮುಷ್ಟಿ ಒಂದಕ್ಕೊಂದು ಸಿಕ್ಕಿಕೊಂಡಂತೆ ಕಾಣುವ ನಡುಕೊಂಡಿ 1873ರಲ್ಲಿ ಅಮೆರಿಕದ ಈಲೈ ಜಾನಿ ಪೇಟೆಂಟ್ ಪಡೆದ ಕೊಂಡಿಯ ವಂಶದ್ದು. ಮಾದರಿ ರೈಲಿನವರು ಬಳಸುವ ಕೇಡೀ ಕೊಂಡಿ ಅದೇ ಆಕಾರದ್ದಾದ್ದರಿಂದ ಬಾಕ್ಸ್-ಎನ್‌ಗೆ ಬದಲಾವಣೆಯಿಲ್ಲದೆ ಒಪ್ಪುತ್ತದೆ. ನಮ್ಮಲ್ಲಿ ವ್ಯಾಗನ್‌ನ ಗರಿಷ್ಠ ಅಗಲ 3,250 ಮಿಲಿಮೀಟರ್. ಅಮೆರಿಕದ ಸಾಮಾನ್ಯ ಮಿತಿ 10 ಅಡಿ 8 ಇಂಚು, ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದೇ. ಎರಕದ ಉಕ್ಕಿನ ಬೋಗಿಯೂ ಅದೇ ಮನೆತನದ್ದು. ಹಾಗಾಗಿ ಅಮೆರಿಕದ ಕಿಟ್‌ನಿಂದ ಬೋಗಿ, ಚಕ್ರ, ಕೊಂಡಿ, ಬ್ರೇಕಿನ ಭಾಗ ಎತ್ತಿಕೊಂಡು, ಒಡಲನ್ನು ಮಾತ್ರ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿಕೊಂಡರೆ ಎಚ್‌ಒ ಅಳತೆಯಲ್ಲಿ 123 ಮಿಲಿಮೀಟರ್ ಉದ್ದದ ಬಾಕ್ಸ್-ಎನ್ ಸಿದ್ಧ. ಗೊಬ್ಬರದ ಮೂಟೆ ಹೊರುವ ಮುಚ್ಚಿದ ಬಿಸಿಎನ್, ತೈಲದ ಟ್ಯಾಂಕರ್ ಬಿಟಿಪಿಎನ್‌ಗಳಿಗೂ ಇದೇ ಹಾದಿ, ಆದರೆ ಟ್ಯಾಂಕರಿನ ದುಂಡಗಿನ ತುದಿಗಳು ತುಸು ತಾಳ್ಮೆ ಬೇಡುತ್ತವೆ.

ಅಳತೆಯ ವಿಷಯದಲ್ಲಿ ಕಟ್ಟುನಿಟ್ಟಿನವರ ಆಕ್ಷೇಪ ಇನ್ನೂ ಗಟ್ಟಿ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದು 1,435 ಮಿಲಿಮೀಟರಿನ ವಿದೇಶಿ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಆದ್ದರಿಂದ 19.2 ಮಿಲಿಮೀಟರ್ ಇರಬೇಕಿತ್ತು. ಹಳಿಯೇ ತಪ್ಪಾದ ಮೇಲೆ ಕೈಹಿಡಿಯ ತಂತಿ ಎಷ್ಟು ದಪ್ಪ ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಏನರ್ಥ? ಬ್ರಿಟನ್ನಿನ ಒಒ ಅಳತೆಯವರು ಇದೇ ತಪ್ಪಿನೊಂದಿಗೆ ತಲೆಮಾರುಗಳಿಂದ ಬದುಕಿದ್ದಾರೆ ಎಂದು ಜಾರಿಕೊಳ್ಳಬಹುದು. ಅದಕ್ಕಿಂತ ನೇರವಾದ ಉತ್ತರ ಲೆಕ್ಕದಲ್ಲೇ ಇದೆ. ಬ್ರಾಡ್‌ಗೇಜ್ ಎಂದರೆ ಐದೂವರೆ ಅಡಿ. ಅಡಿಗೆ ಮೂರು ಮಿಲಿಮೀಟರ್ ಎಂಬ ಅಳತೆಯಲ್ಲಿ ಕಟ್ಟಿದರೆ ಅದು ಕೂದಲೆಳೆಯೂ ತಪ್ಪದೆ 16.5 ಮಿಲಿಮೀಟರ್! ಅಂಗಡಿಯ ಎಚ್‌ಒ ಹಳಿಯೇ ಭಾರತದ ಬ್ರಾಡ್‌ಗೇಜ್ ಆಗುತ್ತದೆ, ಬಾಕ್ಸ್-ಎನ್ 105 ಮಿಲಿಮೀಟರಿಗೆ ಇಳಿಯುತ್ತದೆ. ಬ್ರಿಟನ್ನಿನ ಟ್ರೈ-ಆಂಗ್ ಕಂಪನಿ 1957ರಲ್ಲಿ ಇದೇ ಅಳತೆಯ ರೈಲುಗಳನ್ನು, ಬೇರೆ ಅಗಲದ ಹಳಿಯ ಮೇಲೆ, ಮಾರುಕಟ್ಟೆಗೆ ತಂದಿತ್ತು. ಬೆಲೆ ತೆರಬೇಕಾದದ್ದು ಬೇರೆ ಕಡೆ: ಈ ಅಳತೆಯಲ್ಲಿ ಬೋಗಿ, ಬ್ರೇಕ್ ಭಾಗಗಳ ಕಿಟ್ ಸಿಗುವುದು ಅಪರೂಪ, ಬಹುಪಾಲು ಕೈಯಾರೆ ಮಾಡಿಕೊಳ್ಳಬೇಕು. ಎದುರಿನಿಂದ ನೋಡಿದಾಗ ಮಾತ್ರ ಕಾಣುವ ತಪ್ಪನ್ನು ಸಹಿಸಿ, ಬದಿಯಿಂದ ನೋಡಿದಾಗ ಸರಿಯಿರುವ ಹತ್ತು ವ್ಯಾಗನ್ ಕಟ್ಟುವುದು ನನಗೆ ಹೆಚ್ಚು ಒಪ್ಪಿತ. ಗೂಡ್ಸ್ ರೈಲನ್ನು ಜನ ನೋಡುವುದೇ ಬದಿಯಿಂದ, ಗೇಟು ಬಿದ್ದಾಗ.

ಹಾಗೆ ಗೇಟಿನಲ್ಲಿ ನಿಂತು ನೋಡುವಾಗ ಕಾಣುವುದೇನು ಎಂಬುದರಲ್ಲೇ ವಿವರಗಳ ಪಟ್ಟಿ ಸಿದ್ಧವಾಗುತ್ತದೆ. ಮೊದಲು ಮೂಲೆಯ ಏಣಿ, ಕೈಹಿಡಿ. ಬೆರಳು ದಪ್ಪದ ಕಬ್ಬಿಣದ ಸರಳು 87ನೇ ಪಾಲಿಗೆ ಕುಗ್ಗಿದರೆ ಕಾಲು ಮಿಲಿಮೀಟರ್ ಚಿಲ್ಲರೆ. ಪ್ಲಾಸ್ಟಿಕ್ ಅಚ್ಚು ಅಷ್ಟು ಸಣ್ಣದಕ್ಕೆ ಇಳಿಯದೆ ದಪ್ಪ ದಿಣ್ಣೆಯಾಗಿ ಮೂಡಿರುತ್ತದೆ. ಅದನ್ನು ಹೆರೆದು ತೆಗೆದು, ಸಣ್ಣ ಕೈಬೈರಿಗೆಯಿಂದ ತೂತು ಕೊರೆದು, ಹಳೆಯ ಕರೆಂಟು ವಯರಿನ ಒಳಗಿನ ತಾಮ್ರದ ಎಳೆಯನ್ನು ಬಾಗಿಸಿ ಕೂರಿಸಿದರೆ ವ್ಯಾಗನ್‌ನ ಚಹರೆಯೇ ಬದಲಾಗುತ್ತದೆ. ತಳದಡಿಯ ಬ್ರೇಕ್ ಸಿಲಿಂಡರ್, ಸರಳುಗಳಲ್ಲಿ ಬದಿಗೆ ಕಾಣುವಷ್ಟು ಸಾಕು. ಆದರೆ ಬದಿಗಳ ಉಬ್ಬನ್ನು ಬಿಡುವಂತಿಲ್ಲ: ಸರಕಿನ ಒತ್ತಡಕ್ಕೆ, ಇಳಿಸುವ ಯಂತ್ರಗಳ ಗುದ್ದಿಗೆ ಬಾಕ್ಸ್-ಎನ್‌ನ ತಗಡು ಕಂಬಕಂಬಗಳ ನಡುವೆ ಹೊರಕ್ಕೆ ಉಬ್ಬಿರುತ್ತದೆ, ಅಲ್ಲಲ್ಲಿ ಬೇರೆ ತಗಡಿನ ತೇಪೆ ಬೆಸೆದಿರುತ್ತಾರೆ. ಹೊಸ ಕಿಟ್‌ನ ಸಪಾಟು ಬದಿ ನೋಡಲು ಚೆಂದ, ಆದರೆ ಸುಳ್ಳು. ನಂತರ ಬಿಳಿಯಕ್ಷರ. ನಮ್ಮ ವ್ಯಾಗನ್‌ನ ಮೇಲಿನ ಹನ್ನೊಂದು ಅಂಕಿ ಬೇಕಾಬಿಟ್ಟಿ ಬರೆದದ್ದಲ್ಲ: ಮೊದಲ ಎರಡು ವ್ಯಾಗನ್‌ನ ಬಗೆ, ಮುಂದಿನ ಎರಡು ಒಡೆಯ ರೈಲ್ವೆ, ಮತ್ತೆರಡು ತಯಾರಾದ ವರ್ಷ, ಆಮೇಲೆ ನಾಲ್ಕು ಕ್ರಮಸಂಖ್ಯೆ, ಕೊನೆಯದು ಉಳಿದವು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ. ತೋಚಿದ ಅಂಕಿ ಅಂಟಿಸಿದ ಮಾದರಿಯನ್ನು ಬಲ್ಲವರು ಕೂಡಲೇ ಹಿಡಿಯುತ್ತಾರೆ. ಬ್ರಾಡ್‌ಗೇಜ್ ವ್ಯಾಗನ್‌ಗಳು ದೇಶವಿಡೀ ಸುತ್ತುವುದರಿಂದ ಒಂದೇ ಗೂಡ್ಸ್ ರೈಲಿನಲ್ಲಿ ಹತ್ತಾರು ವಲಯಗಳ ಗುರುತು ಕಲಸಿರುತ್ತದೆ. ಎಲ್ಲದರ ಮೇಲೂ ದಕ್ಷಿಣ ರೈಲ್ವೆ ಎಂದು ಬರೆದರೆ ಅದೂ ತಪ್ಪೇ.

ಹೊರೆ ಕೂಡ ವಿವರವೇ. ಬಾಕ್ಸ್-ಎನ್ ಒಳಗೆ ಸುಮಾರು 56 ಘನ ಮೀಟರ್ ಜಾಗ, ಹೊರಬಹುದಾದದ್ದು ಮೂಲ ಲೆಕ್ಕದಲ್ಲಿ ಸುಮಾರು 59 ಟನ್. ಕಲ್ಲಿದ್ದಲು ಹಗುರ, ಅಂಚು ಮೀರಿ ಗುಡ್ಡೆಯಾಗುತ್ತದೆ. ಕಬ್ಬಿಣದ ಅದಿರು ಭಾರ, ಪೆಟ್ಟಿಗೆ ಅರ್ಧದ ಆಸುಪಾಸಿಗೆ ಬರುವಷ್ಟರಲ್ಲೇ ತೂಕದ ಮಿತಿ ಮುಟ್ಟುತ್ತದೆ. ಅದಿರನ್ನು ಅಂಚಿನವರೆಗೆ ತುಂಬಿದ ಮಾದರಿ ಎಷ್ಟೇ ಅಂದವಾಗಿದ್ದರೂ ನಿಜವಾಗಿ ಓಡಿದರೆ ಸ್ಪ್ರಿಂಗ್ ಮುರಿದೀತು. ಯಾವ ಹೊರೆ ಎಂಬುದು ಯಾವ ವರ್ಷ ಎಂಬ ಪ್ರಶ್ನೆಗೂ ಕಟ್ಟುಬಿದ್ದಿದೆ. 2005ರ ಡಿಸೆಂಬರ್ ಕೊನೆಗೆ ಗಣಿ ನಿಲ್ಲುವವರೆಗೆ ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ರಾಡಿಯಾಗಿ ಹರಿದು ಪಣಂಬೂರಿಗೆ ಬರುತ್ತಿತ್ತು, ಅದಕ್ಕೆ ವ್ಯಾಗನ್ ಬೇಕಿರಲಿಲ್ಲ. 2006ರಲ್ಲಿ ಸಕಲೇಶಪುರ ಘಾಟಿಯ ಬ್ರಾಡ್‌ಗೇಜ್ ಗೂಡ್ಸ್ ರೈಲಿಗೆ ತೆರೆದ ಮೇಲೆ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಬಾಕ್ಸ್-ಎನ್‌ಗಳಲ್ಲಿ ಘಾಟಿ ಇಳಿಯಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. ಅದಕ್ಕೂ ಹಿಂದಕ್ಕೆ, 1979ರಲ್ಲಿ ಹಾಸನದಿಂದ ಮಂಗಳೂರಿಗೆ ಬಂದದ್ದು ಮೀಟರ್‌ಗೇಜ್; ಅದನ್ನು ಕಟ್ಟುವವರಿಗೆ ಸ್ವಿಸ್ ಮಾದರಿಗಳ 12 ಮಿಲಿಮೀಟರ್ ಹಳಿ ಅರ್ಧ ಮಿಲಿಮೀಟರ್ ಅಂತರದಲ್ಲಿ ಒದಗಿಬರುತ್ತದೆ. ಎಂಜಿನ್ ಬದಲಿಸಿದರೆ ಇಷ್ಟೆಲ್ಲ ಹೇಳಲಾಗದು. ಎಂಜಿನ್ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಈ ಊರು ಏನು ತರಿಸಿತು, ಏನು ಕಳಿಸಿತು ಎಂಬುದು ವ್ಯಾಗನ್‌ನ ಒಳಗಿದೆ.

ಬಣ್ಣ, ಕೊಳೆ ಹಚ್ಚುವ ಹಂತಕ್ಕೆ ಬಂದಾಗ ಬೇರೊಂದು ಬಗೆಯ ತಕರಾರು ಏಳುತ್ತದೆ. ನೆಲ ಕಳೆದುಕೊಂಡವರ ಊರಿನಲ್ಲಿ, ಅದೇ ಬಂದರಿನ ಕಲ್ಲಿದ್ದಲಿನ ವ್ಯಾಗನ್ನನ್ನು ಷೋಕೇಸಿನ ಆಟಿಕೆ ಮಾಡುವುದು ಮೈಮರೆವಲ್ಲವೇ? ಹೊಳೆಯುವ ಹೊಸ ಬಣ್ಣದಲ್ಲಿ ನಿಲ್ಲಿಸಿದರೆ ಹೌದು. ಹವ್ಯಾಸಿಗಳು ವೆದರಿಂಗ್ ಎನ್ನುವ ಕೆಲಸಕ್ಕೆ ಬೆಲೆ ಬರುವುದು ಇಲ್ಲೇ. ತುಕ್ಕು ಎಲ್ಲಿ ಮೊದಲು ಏಳುತ್ತದೆ, ಬಾಗಿಲ ಸಂದಿಯಿಂದ ಕಪ್ಪು ನೀರು ಹೇಗೆ ಇಳಿಯುತ್ತದೆ, ಒಳಗೋಡೆ ಉಜ್ಜಿ ಉಜ್ಜಿ ಲೋಹದ ಬಣ್ಣ ಎಲ್ಲಿ ಕಾಣುತ್ತದೆ ಎಂದು ನೋಡಿ ಹಚ್ಚಿದ ಕೊಳೆ ಅಲಂಕಾರವಲ್ಲ, ದಾಖಲೆ. ಕರಾವಳಿಯವರು ಇದರಲ್ಲಿ ಒಂದು ಸಂಗತಿ ನೆನಪಿಡಬೇಕು: ಅಂಕಿಗಳ ಸ್ಟಿಕ್ಕರ್ ಅಂಟಿಸುವ ಮೊದಲು ಹೊಳಪಿನ ವಾರ್ನಿಷ್, ಅಂಟಿಸಿದ ಮೇಲೆ ಹೊಳಪಿಲ್ಲದ್ದು ಎಂಬ ಕ್ರಮ ಎಲ್ಲ ಕಡೆಯದೂ ಹೌದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ಗಾಳಿಯಲ್ಲಿ ಹೊಳಪಿಲ್ಲದ ವಾರ್ನಿಷ್ ಸ್ಪ್ರೇ ಮಾಡಿದರೆ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಮಳೆಗಾಲ ಜೋಡಣೆಗೆ, ಬೇಸಗೆ ಬಣ್ಣಕ್ಕೆ.

ಇನ್ನು ತ್ರೀಡಿ ಮುದ್ರಣ ಬಂದ ಮೇಲೆ ಕಿಟ್ ಯಾಕೆ ಎಂಬ ಪ್ರಶ್ನೆ. ಮುದ್ರಿಸಿ ತೆಗೆದದ್ದೂ ಬಿಡಿಭಾಗವೇ. ಅದನ್ನೂ ಉಜ್ಜಬೇಕು, ಜೋಡಿಸಬೇಕು, ತೂಕ ತುಂಬಬೇಕು. ನಮ್ಮ ವ್ಯಾಗನ್‌ಗಳ ಕಿಟ್ ಕೊರತೆ ನೀಗಿಸುವ ದಾರಿಯಾಗಿ ಅದು ಸ್ವಾಗತಾರ್ಹ, ಕಿಟ್‌ಗೆ ಎದುರಾಳಿಯೇನಲ್ಲ. ನಿಜವಾದ ವ್ಯಾಗನ್ನೇ ಮ್ಯೂಸಿಯಮ್ಮಿನಲ್ಲಿ ಇರಲಿ ಎನ್ನುವವರಿಗೆ 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಇದೆ. ಓಡುವ ಪುಟ್ಟ ರೈಲು ನೋಡಬೇಕೆನ್ನುವವರಿಗೆ ಪುಣೆಯ ಕೋತ್ರುಡ್‌ನಲ್ಲಿ 1998ರಿಂದ ಜೋಶಿಯವರ ಕಿರು ರೈಲುಗಳ ಮ್ಯೂಸಿಯಂ ಇದೆ. ಎರಡೂ ನೋಡತಕ್ಕವು. ಆದರೆ ತೋಕೂರಿನ ದಾರಿಯ ಗೂಡ್ಸ್ ರೈಲು ನೋಡಲು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ.

ಮೊದಲ ಬಾರಿ ಕೈಹಾಕುವವರಿಗೆ ಬಾಕ್ಸ್-ಎನ್‌ಗಿಂತ ಸುಲಭವಾದದ್ದು ಚಪ್ಪಟೆ ಬಿಆರ್‌ಎನ್. ಗೋಡೆಯಿಲ್ಲ, ಛಾವಣಿಯಿಲ್ಲ; ಅಮೆರಿಕದ ಯಾವುದಾದರೂ ಚಪ್ಪಟೆ ವ್ಯಾಗನ್ ಕಿಟ್ ಕತ್ತರಿಸಿ ಉದ್ದ ಸರಿಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಇದನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ. ಲಾರಿಗಳನ್ನು ಸರಕಿನ ಸಮೇತ ಇಂಥ ವ್ಯಾಗನ್‌ಗಳ ಮೇಲೆ ಹತ್ತಿಸಿ ಸಾಗಿಸುವ ರೋರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಕೋಲಾಡ್ ಮತ್ತು ವೆರ್ಣಾ ನಡುವೆ ಆರಂಭಿಸಿ, ಮುಂದೆ ಸುರತ್ಕಲ್‌ವರೆಗೆ ತಂದಿತು. ಹಾಗಾಗಿ ಬಿಆರ್‌ಎನ್ ಕಟ್ಟಿದವರು ಅದರ ಮೇಲೆ ನಮ್ಮ ಕಡೆಯ ಒಂದು ಲಾರಿಯನ್ನೂ ಕಟ್ಟಬೇಕು, ಟರ್ಪಾಲು ಬಿಗಿದು, ಚಕ್ರಕ್ಕೆ ಅಡ್ಡಿ ಕೊಟ್ಟು. ಆ ಲಾರಿಯ ಕ್ಯಾಬಿನ್ ಖಾಲಿ ಬಿಟ್ಟರೆ ತಪ್ಪು. ಚಾಲಕ ಮತ್ತು ಕ್ಲೀನರ್ ದಾರಿಯುದ್ದಕ್ಕೂ ಅದರೊಳಗೇ ಕುಳಿತು ಪ್ರಯಾಣ ಮಾಡುತ್ತಾರೆ, ಆದ್ದರಿಂದ ಗಾಜು ಅಂಟಿಸುವ ಮೊದಲೇ ಎರಡು ಗೊಂಬೆ ಕೂರಿಸಿಬಿಡಬೇಕು.