ನಾಗಪುರದ ನಲ್ಲಿ ನೀರು: ಕಂಪನಿಗೆ ಏನು ಕೊಟ್ಟರು, ನಮಗೆ ಏನು ಉಳಿಯಿತು?

ಮಿಹಾನ್‌ನಲ್ಲಿರೋ ಟಿಸಿಎಸ್, ಇನ್ಫೋಸಿಸ್, ಎಚ್‌ಸಿಎಲ್ ಕಡೆ ಕೆಲಸಕ್ಕೆ ಅಂತ ನಾಗಪುರಕ್ಕೆ ಬಂದ ನಮ್ಮವರು ಒಂದು ಪ್ರಶ್ನೆ ಕೇಳ್ತಾನೇ ಇರ್ತಾರೆ. ಮೀಟರ್ ನೋಡೋಕೆ ಬರೋರು, ಪೈಪ್ ರಿಪೇರಿಗೆ ಬರೋರು ಎಲ್ಲ ‘ಆರೆಂಜ್ ಸಿಟಿ ವಾಟರ್’ ಅನ್ನೋ ಕಂಪನಿಯವರು. ಹಾಗಾದ್ರೆ ಮಹಾನಗರ ಪಾಲಿಕೆ ಊರಿನ ನೀರನ್ನೇ ಮಾರಿಬಿಟ್ಟಿದೆಯಾ?

ಮಾರಿಲ್ಲ. ಆದರೆ ಆ ಉತ್ತರಕ್ಕೆ ನೆಮ್ಮದಿಪಟ್ಟು ಸುಮ್ಮನಾಗೋ ಹಾಗೂ ಇಲ್ಲ.

ಮೊದಲು ಏನಾಯ್ತು ನೋಡೋಣ. 2011ರಲ್ಲಿ ಪಾಲಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಫ್ರಾನ್ಸಿನ ವಿಯೋಲಿಯಾದ ಭಾರತೀಯ ಶಾಖೆ ಮತ್ತು ನಾಗಪುರದ್ದೇ ಆದ ವಿಶ್ವರಾಜ್ ಸಂಸ್ಥೆ ಸೇರಿ ಮಾಡಿದ ಕಂಪನಿಯೇ ಆರೆಂಜ್ ಸಿಟಿ ವಾಟರ್. 2012ರ ಮಾರ್ಚ್‌ನಿಂದ 25 ವರ್ಷ, ಇಡೀ ನಗರದ ನೀರು ಸರಬರಾಜು ಇವರ ಕೈಗೆ. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರೋ ಭಾರತದ ನಗರವೊಂದು ಊರಿಗೆ ಊರನ್ನೇ ಹೀಗೆ ಖಾಸಗಿಯವರಿಗೆ ವಹಿಸಿದ್ದು ಅದೇ ಮೊದಲು. ಪೈಪು, ಟ್ಯಾಂಕು, ಶುದ್ಧೀಕರಣ ಘಟಕ ಇವೆಲ್ಲ ಕಾಗದದ ಮೇಲೆ ಇವತ್ತಿಗೂ ಪಾಲಿಕೆಯ ಆಸ್ತಿ. ದರ ನಿಗದಿ ಮಾಡೋದೂ ಪಾಲಿಕೆಯೇ. ಕಂಪನಿಗೆ ಕೊಟ್ಟಿರೋದು ನಡೆಸೋ ಕೆಲಸ: ಪೈಪ್ ಬದಲಿಸು, ಮೀಟರ್ ಹಾಕು, ಬಿಲ್ ಕೊಡು, ಹಣ ವಸೂಲು ಮಾಡು, ಐದು ವರ್ಷದೊಳಗೆ ಊರಿಗೆಲ್ಲ ದಿನದ 24 ಗಂಟೆ ನೀರು ಕೊಡು.

ಈ 24 ಗಂಟೆ ಅನ್ನೋದು ಬರೀ ಅನುಕೂಲದ ಮಾತಲ್ಲ. ನೀರು ಬಿಟ್ಟು ನಿಲ್ಲಿಸೋ ಪೈಪಿನಲ್ಲಿ ಒತ್ತಡ ಇಳಿದಾಗ, ಬಿರುಕುಗಳಿಂದ ಹೊರಗಿನ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುತ್ತೆ. ಒತ್ತಡ ಸದಾ ಇದ್ದರೆ ಈ ತೊಂದರೆ ಇರಲ್ಲ. ಇದಕ್ಕೆ ಒಳ್ಳೇ ಸಾಕ್ಷಿ ನಮ್ಮ ಹುಬ್ಬಳ್ಳಿ-ಧಾರವಾಡದ್ದೇ. 2004ರ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ 2008ರ ಹೊತ್ತಿಗೆ ನಿರಂತರ ನೀರು ಬಂತು. ನಡೆಸಿದ್ದು ಯಾರು? ಇದೇ ವಿಯೋಲಿಯಾ. ನಂತರ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಿರಂತರ ನೀರಿದ್ದ ಮನೆಗಳಲ್ಲಿ ಟೈಫಾಯ್ಡ್ ಕಡಿಮೆ. ಒಟ್ಟಾರೆ ಮಕ್ಕಳ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಬಡ ಮನೆಗಳ ಎರಡು ವರ್ಷದೊಳಗಿನ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಅಂದ್ರೆ ಒಳ್ಳೆ ನೀರಿನ ಲಾಭ ಹೆಚ್ಚು ಸಿಗಬೇಕಾದದ್ದು ಫಿಲ್ಟರ್ ಕೊಳ್ಳೋಕೆ ದುಡ್ಡಿಲ್ಲದವರಿಗೆ. ಅದೇ ಹೊತ್ತಿಗೆ ಅದೇ ಊರಿನ ಉಳಿದ ವಾರ್ಡ್‌ಗಳಲ್ಲಿ ಹಲವು ದಿನಕ್ಕೊಮ್ಮೆ ನೀರು. ಹುಬ್ಬಳ್ಳಿಯವರಿಗೆ ನಾನು ಇದನ್ನ ವಿವರಿಸೋದು ಬೇಕಿಲ್ಲ ಬಿಡಿ!

ಈಗ ದುಡ್ಡಿನ ವಿಷಯ. ನನ್ನ ಪ್ರಕಾರ ಇಡೀ ಕಥೆ ಇರೋದೇ ಇಲ್ಲಿ.

ನಾಗಪುರ ಯೋಜನೆಯ ಆರಂಭಿಕ ವೆಚ್ಚ ಸುಮಾರು 388 ಕೋಟಿ. ಅದರಲ್ಲಿ ಶೇ. 70 ಸರ್ಕಾರದ ದುಡ್ಡು: ನರ್ಮ್ ಯೋಜನೆಯಡಿ ಕೇಂದ್ರದ್ದು 50, ರಾಜ್ಯದ್ದು 20. ಕಂಪನಿ ಹಾಕಬೇಕಿದ್ದದ್ದು ಉಳಿದ 30. ಪ್ರತಿಯಾಗಿ, ಬಿಲ್ ಮಾಡಿ ವಸೂಲಾದ ಪ್ರತಿ ಸಾವಿರ ಲೀಟರಿಗೆ ಇಷ್ಟು ಅಂತ ಶುಲ್ಕ. ಶುರುವಲ್ಲಿ ಸುಮಾರು 8 ರೂಪಾಯಿ, ಆಮೇಲೆ ವರ್ಷಾವರ್ಷ ಸೂಚ್ಯಂಕದ ಲೆಕ್ಕದಲ್ಲಿ ಪರಿಷ್ಕರಣೆ.

ಈ ಶುಲ್ಕದ ಸೂತ್ರದಲ್ಲಿ ಒಂದು ಜಾಣತನ ಇದೆ, ಅದನ್ನ ಒಪ್ಪಬೇಕು. ಸೋರಿಹೋದ ನೀರಿಗೆ, ಕದ್ದ ನೀರಿಗೆ ಕಂಪನಿಗೆ ಪೈಸೆ ಸಿಗಲ್ಲ. ಹಾಗಾಗಿ ಸೋರಿಕೆ ಹುಡುಕೋಕೆ ಅವರಿಗೆ ಕಾರಣ ಇದೆ. ನಿಮ್ಮ ಆಫೀಸಿನಲ್ಲಿ ಕೆಪಿಐ ಅಂತೀರಲ್ಲ, ಹಾಗೆ. ಆದ್ರೆ ಕೆಪಿಐ ಏನು ಮಾಡುತ್ತೆ ಅಂತಲೂ ನಿಮಗೆ ಗೊತ್ತು: ಅಳೆಯೋದಷ್ಟನ್ನೇ ಜನ ಮಾಡ್ತಾರೆ. ಧರಂಪೇಟೆಯ ಅಪಾರ್ಟ್‌ಮೆಂಟಿನ ಮೀಟರ್ ತಿರುಗಿದಷ್ಟೂ ಶುಲ್ಕ. ಕೊಳಗೇರಿಯ ಬೀದಿ ನಲ್ಲಿಯಲ್ಲಿ ಹರಿಯೋ ನೀರಿಗೆ ಬಿಲ್ಲೇ ಇಲ್ಲ, ಶುಲ್ಕವೂ ಇಲ್ಲ. ನಾಗಪುರದ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಕೊಳಗೇರಿಗಳಲ್ಲಿ ಇದೆ ಅನ್ನೋದು ನೆನಪಿರಲಿ. ಯಾರೂ ಕೆಟ್ಟವರಾಗಬೇಕಿಲ್ಲ, ಸೂತ್ರವೇ ಆ ಕಡೆಗೆ ಎಳೆಯುತ್ತೆ.

ಇನ್ನು ದರ. 2009ರ ಉಪನಿಯಮದ ಪ್ರಕಾರ ನಾಗಪುರದಲ್ಲಿ ನೀರಿನ ದರ ಪ್ರತಿ ವರ್ಷ ತಾನಾಗಿಯೇ ಶೇ. 5 ಏರುತ್ತೆ. ಐದೇ ತಾನೇ ಅನಿಸುತ್ತೆ, ಅಲ್ವಾ? ಚಕ್ರಬಡ್ಡಿ ಹಾಕಿ ನೋಡಿ: 100 ರೂಪಾಯಿ ಬಿಲ್ಲು 14-15 ವರ್ಷಕ್ಕೆ 200, 25 ವರ್ಷಕ್ಕೆ ಸುಮಾರು 339. ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ಆಗೋ ನಮಗೆ ಇದು ಗಮನಕ್ಕೂ ಬರಲ್ಲ. ಮನೆಗೆಲಸದವರ, ಗಾರೆ ಕೆಲಸದವರ ಕೂಲಿ ಉಪನಿಯಮದ ಪ್ರಕಾರ ಏರಲ್ಲ.

ದರ ಏರಿಸಬೇಕಾದ್ರೆ ಕಾರ್ಪೊರೇಟರ್‌ಗಳು ಸಭೆಯಲ್ಲಿ ಕೈ ಎತ್ತಬೇಕು, ಮುಂದಿನ ಚುನಾವಣೆಯಲ್ಲಿ ಬೈಸಿಕೊಳ್ಳಬೇಕು. ತಾನಾಗಿ ಏರೋ ದರಕ್ಕೆ ಯಾರೂ ಕೈ ಎತ್ತಬೇಕಿಲ್ಲ. ಇದರ ಮೇಲೆ, 2022ರ ಮಾರ್ಚ್‌ನಲ್ಲಿ ನಾಗಪುರ ಪಾಲಿಕೆಯ ಅವಧಿ ಮುಗಿದು, ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರೇ ಇರಲಿಲ್ಲ. ಆಡಳಿತಾಧಿಕಾರಿಯದ್ದೇ ಆಡಳಿತ. ಬೆಂಗಳೂರಿನವರು ನಗಬೇಡಿ, ಅಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ.

ಹಾಗಾದ್ರೆ ಒಪ್ಪಂದದಿಂದ ಹೊರಬರೋಕೆ ಆಗಲ್ವಾ? ಆಗುತ್ತೆ. ಮೈಸೂರಿನಲ್ಲಿ 2008ರಲ್ಲಿ ಟಾಟಾ ಸಮೂಹದ ಜಸ್ಕೋಗೆ ಕೆಲಸ ಕೊಟ್ಟಿದ್ದರು. ಗುರಿ ಮುಟ್ಟಲಿಲ್ಲ ಅಂತ ಪಾಲಿಕೆ ದಂಡ ಹಾಕಿತು, ಕೊನೆಗೆ ಕೆಲಸ ವಾಣಿವಿಲಾಸ ನೀರು ಸರಬರಾಜು ಸಂಸ್ಥೆಗೇ ವಾಪಸ್ ಬಂತು. ಅದು ಆರು ವರ್ಷದ ಒಪ್ಪಂದ ಅನ್ನೋದು ಮುಖ್ಯ. ಇನ್ನು ಪ್ಯಾರಿಸ್: ವಿಯೋಲಿಯಾ, ಸೂಯೆಜ್ ಎರಡರ ಗುತ್ತಿಗೆಯೂ ಮುಗಿದ ಮೇಲೆ 2010ರ ಜನವರಿಯಿಂದ ನೀರನ್ನು ನಗರಸಭೆಯೇ ವಹಿಸಿಕೊಂಡಿತು. 2011ರಲ್ಲಿ ದರ ಶೇ. 8 ಇಳಿಸಿತು. ತನ್ನ ತವರೂರು ಕೈತಪ್ಪಿದ ಮರುವರ್ಷವೇ ವಿಯೋಲಿಯಾ ನಾಗಪುರದಲ್ಲಿ ಸಹಿ ಹಾಕಿತು ಅಂತಾಯ್ತು. ನಾಗಪುರದ ಗುತ್ತಿಗೆ ಮುಗಿಯೋದು 2037ಕ್ಕೆ.

ಐದು ವರ್ಷದ ಗುರಿ ಮಾತ್ರ 2017ಕ್ಕೆ ಮುಟ್ಟಲಿಲ್ಲ. ಅದಾಗಿ ಎರಡು ವರ್ಷಕ್ಕೆ, 2019ರ ಜುಲೈನಲ್ಲಿ, ಪೆಂಚ್ ನದಿಯ ತೋತಲಾಡೋಹ್ ಜಲಾಶಯ ಬರಿದಾಗಿ ಇಡೀ ನಗರಕ್ಕೆ ದಿನ ಬಿಟ್ಟು ದಿನ ನೀರು ಬಿಟ್ಟರು. ಮಳೆ ಕೈಕೊಟ್ಟಿತ್ತು, ಜೊತೆಗೆ ಮೇಲ್ಭಾಗದಲ್ಲಿ ಮಧ್ಯಪ್ರದೇಶದ ಚೌರಾಯಿ ಅಣೆಕಟ್ಟು ಬಂದಿತ್ತು. ಅದು ಕಂಪನಿಯ ತಪ್ಪಲ್ಲ, ನದಿ ಒಪ್ಪಂದದೊಳಗೆ ಇರಲಿಲ್ಲ. ಆ ವಾರಗಳಲ್ಲಿ ಸಂಪು, ಓವರ್‌ಹೆಡ್ ಟ್ಯಾಂಕು ಇರೋ ಅಪಾರ್ಟ್‌ಮೆಂಟಿಗೂ ಕೊಡ, ಡ್ರಮ್ಮಿನಲ್ಲೇ ನೀರು ಹಿಡಿದಿಡೋ ಕೊಳಗೇರಿಗೂ ಒಂದೇ ಆದೇಶ, ದಿನ ಬಿಟ್ಟು ದಿನ.